ಹೆಸರು ಬದಲಾಗುತ್ತಲೇ ಇರುವ ಟೂರ್ನಿ

ನಮ್ಮ ಕಂಪನಿಯ ಮೆಲ್ಬರ್ನ್ ಶಾಖೆಯಿಂದ ಆಗಾಗ ಸಿಡ್ನಿಗೆ ಬರುವ ಸಹೋದ್ಯೋಗಿಯೊಬ್ಬ ಚಳಿಗಾಲದಲ್ಲಿ ಯಾವಾಗಲೂ ಒಂದೇ ಜಾಕೆಟ್ ಹಾಕಿಕೊಂಡಿರುತ್ತಾನೆ. ಕಡುನೀಲಿ ಬಣ್ಣದ್ದು, ಎದೆಯ ಮೇಲೆ ಮೆಲ್ಬರ್ನ್ ರೆಬೆಲ್ಸ್ ರಗ್ಬಿ ತಂಡದ ಲಾಂಛನ. ಆ ತಂಡ ಈಗ ಇಲ್ಲ. 2011ರಲ್ಲಿ ಕಣಕ್ಕಿಳಿದು, 2024ರ ಜನವರಿಯಲ್ಲಿ ಎರಡು ಕೋಟಿ ಡಾಲರಿಗೂ ಮೀರಿದ ಸಾಲದೊಂದಿಗೆ ಆಡಳಿತಾಧಿಕಾರಿಗಳ ಕೈ ಸೇರಿ, ಅದೇ ವರ್ಷದ ಮಧ್ಯದಲ್ಲಿ ಮುಚ್ಚಿಹೋಯಿತು. ತಂಡವನ್ನು ನಿಲ್ಲಿಸುತ್ತೇವೆ ಎಂದು ರಗ್ಬಿ ಆಸ್ಟ್ರೇಲಿಯಾ ಘೋಷಿಸಿದ ಕೆಲವೇ ದಿನಗಳಲ್ಲಿ ಆ ಹುಡುಗರು ವೆಲಿಂಗ್ಟನ್‌ಗೆ ಹೋಗಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳ ತಂಡಗಳು ಆಡುವ ಸೂಪರ್ ರಗ್ಬಿ ಪೆಸಿಫಿಕ್‌ನ ಕ್ವಾರ್ಟರ್ ಫೈನಲ್ ಆಡಿದರು. ಆ ಟೂರ್ನಿಯಲ್ಲಿ ಅವರು ಅಷ್ಟು ಮುಂದೆ ಹೋದದ್ದು ಅದೇ ಮೊದಲು, ಅದೇ ಕೊನೆ. ಕಾಫಿ ಯಂತ್ರದ ಮುಂದೆ ನಿಂತಿದ್ದಾಗ ನಾನು ಅವನನ್ನು, ಈಗ ಯಾವ ತಂಡದ ಕಡೆ ಎಂದು ಕೇಳಿದೆ. "ಯಾವುದೂ ಇಲ್ಲ. ಶನಿವಾರ ಮಗನ ಜೊತೆ ಫುಟಿಗೆ ಹೋಗುತ್ತೇನೆ" ಎಂದ. ಮೆಲ್ಬರ್ನ್‌ನವರ ಬಾಯಲ್ಲಿ ಫುಟಿ ಎಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ರಗ್ಬಿಗೂ ಅದಕ್ಕೂ ಸಂಬಂಧವಿಲ್ಲ.

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ ಎನ್ನುವುದು ನನ್ನನ್ನು ಕಾಡುತ್ತಿದೆ. ಸಿಟ್ಟಿದ್ದಿದ್ದರೆ ಇನ್ನೂ ಏನೋ ಉಳಿದಿದೆ ಎಂದುಕೊಳ್ಳಬಹುದಿತ್ತು. ಬಾಗಿಲು ಹಾಕಿದ ಹೋಟೆಲಿನ ಬಗ್ಗೆ ಮಾತನಾಡುವಷ್ಟು ಸಹಜವಾಗಿ ಅವನು ತನ್ನ ತಂಡದ ಬಗ್ಗೆ ಮಾತನಾಡಿದ. ಆಸ್ಟ್ರೇಲಿಯಾದ ವೃತ್ತಿಪರ ರಗ್ಬಿಯ ಭವಿಷ್ಯದ ಬಗ್ಗೆ ಇಲ್ಲಿನ ಪತ್ರಿಕೆಗಳಲ್ಲಿ ವಾರಕ್ಕೊಂದು ಲೇಖನ ಬರುತ್ತದೆ: ಎಷ್ಟು ತಂಡಗಳಿರಬೇಕು, ಯಾವ ದೇಶಗಳ ಜೊತೆ ಆಡಬೇಕು, ದುಡ್ಡು ಎಲ್ಲಿಂದ ಬರಬೇಕು. ಅವನ್ನೆಲ್ಲ ಓದುವಾಗ ನನಗೆ ಆ ಜಾಕೆಟ್ ನೆನಪಾಗುತ್ತದೆ. ಈ ಚರ್ಚೆಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮನುಷ್ಯನೊಬ್ಬನಿದ್ದಾನೆ. ಅವನಿಗೆ ಒಂದು ತಂಡವನ್ನು ಹಚ್ಚಿಕೊಳ್ಳಲು ಹತ್ತು ವರ್ಷ ಬೇಕು.

ಇದುವರೆಗೆ ಅವನಿಗೆ ಏನು ಸಿಕ್ಕಿದೆ ನೋಡಿ. 1995ರಲ್ಲಿ ರಗ್ಬಿ ಯೂನಿಯನ್, ಎಂದರೆ ನಾನಿಲ್ಲಿ ಹೇಳುತ್ತಿರುವ ಹದಿನೈದು ಜನರ ರಗ್ಬಿ, ವೃತ್ತಿಪರವಾಯಿತು, ಮರುವರ್ಷವೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ತಂಡಗಳ ಸೂಪರ್ 12 ಶುರುವಾಯಿತು. 2006ರಲ್ಲಿ ಸೂಪರ್ 14. 2011ರಲ್ಲಿ ಅಂಕಿಯನ್ನು ಕೈಬಿಟ್ಟು ಬರಿಯ ಸೂಪರ್ ರಗ್ಬಿ. ಮುಂದೆ ಎಷ್ಟು ತಂಡ ಬರುತ್ತವೋ ಹೋಗುತ್ತವೋ ಎಂಬ ಮುಂದಾಲೋಚನೆ ಇದ್ದಿರಬೇಕು. ಕೋವಿಡ್ ಬಂದಾಗ ದೇಶದೊಳಗಿನ ಸೂಪರ್ ರಗ್ಬಿ ಎಯು, ಅದರ ಬೆನ್ನಿಗೇ ನ್ಯೂಜಿಲೆಂಡಿನ ತಂಡಗಳ ಜೊತೆ ಟ್ರಾನ್ಸ್-ಟ್ಯಾಸ್ಮನ್, 2022ರಿಂದ ಸೂಪರ್ ರಗ್ಬಿ ಪೆಸಿಫಿಕ್. ನಡುವೆ 2016ರಲ್ಲಿ ಟೂರ್ನಿ ಹದಿನೆಂಟು ತಂಡಗಳಿಗೆ ಊದಿಕೊಂಡು ಟೋಕಿಯೊದಿಂದ ಬ್ಯೂನಸ್ ಐರಿಸ್‌ವರೆಗೆ ಹರಡಿತ್ತು. ಜಪಾನಿನ ಸನ್‌ವುಲ್ವ್ಸ್ ತಂಡವನ್ನು ಆಗ ಆಫ್ರಿಕಾದ ಗುಂಪಿಗೆ ಸೇರಿಸಿದ್ದರು, ಅದರ ತವರು ಪಂದ್ಯಗಳಲ್ಲಿ ಕೆಲವನ್ನು ಸಿಂಗಾಪುರದಲ್ಲಿ ಆಡಿಸುತ್ತಿದ್ದರು. ಭೂಗೋಳದ ಪರೀಕ್ಷೆಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ಸೊನ್ನೆ ಸಿಗುತ್ತಿತ್ತು. ಇಲ್ಲಿ ಅದಕ್ಕೆ ಪ್ರಸಾರ ಹಕ್ಕಿನ ಹಣ ಸಿಕ್ಕಿತು.

ಲೋಮು ಓಡಿದ ರಾತ್ರಿ

ಪೆಂಡಲ್ ಹಿಲ್‌ನಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಉಡುಪಿಯ ಕಡೆಯವರು, ಎಂಜಿನಿಯರ್ ಆಗಿ ನಿವೃತ್ತರಾದವರು, ಎಂಬತ್ತರ ದಶಕದ ಕೊನೆಯಲ್ಲೇ ಸಿಡ್ನಿಗೆ ಬಂದವರು. ಕನ್ನಡಿಗರು ಸೇರಿದಲ್ಲೆಲ್ಲ ಕ್ರಿಕೆಟ್ ಮಾತು ಬಂದೇ ಬರುತ್ತದೆ. ಇವರು ಮಾತ್ರ ಮಾತನ್ನು ಹೇಗಾದರೂ ರಗ್ಬಿಯ ಕಡೆಗೆ ಎಳೆಯುತ್ತಾರೆ, ಎಳೆದು 2000ನೇ ಇಸವಿಯ ಜುಲೈ 15ಕ್ಕೆ ತಂದು ನಿಲ್ಲಿಸುತ್ತಾರೆ. ಒಲಿಂಪಿಕ್ಸ್‌ಗೆ ಇನ್ನೆರಡು ತಿಂಗಳಿತ್ತು. ಹೋಂಬುಷ್‌ನಲ್ಲಿ ಕಟ್ಟಿದ್ದ ಹೊಸ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡ ವಾಲಬೀಸ್ ಮತ್ತು ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ನಡುವಿನ ಬ್ಲೆಡಿಸ್ಲೊ ಕಪ್ ಪಂದ್ಯ. ಕಚೇರಿಯ ಯಾರೋ ಬರಲಾಗದೆ ಟಿಕೆಟ್ಟನ್ನು ಇವರಿಗೆ ದಾಟಿಸಿದ್ದರು. ರೈಲಿಳಿದು ನೋಡಿದರೆ ಜನಸಾಗರ. ಅಂದು ಸೇರಿದವರು 1,09,874 ಮಂದಿ.

"ಕುಳಿತುಕೊಳ್ಳುವಷ್ಟರಲ್ಲಿ ಆಟ ಮುಗಿದೇ ಹೋಯಿತು ಎಂದುಕೊಂಡೆ ಮಾರಾಯ" ಎನ್ನುತ್ತಾರೆ. ಮೊದಲ ಕೆಲವೇ ನಿಮಿಷಗಳಲ್ಲಿ ನ್ಯೂಜಿಲೆಂಡ್ 24–0 ಮುಂದಿತ್ತು. ವಿಶ್ವಕಪ್ ಗೆದ್ದು ವರ್ಷವೂ ಆಗಿರದ ತಂಡ ಕಣ್ಣೆದುರೇ ಚಿಂದಿಯಾಗುತ್ತಿತ್ತು. ಆದರೆ ವಿರಾಮದ ಹೊತ್ತಿಗೆ ಲೆಕ್ಕ 24–24. ದ್ವಿತೀಯಾರ್ಧದ ಕೊನೆಯಲ್ಲಿ ಆಸ್ಟ್ರೇಲಿಯಾ 35–34ರಿಂದ ಮುಂದಿದ್ದಾಗ ನ್ಯೂಜಿಲೆಂಡಿನ ಜೋನಾ ಲೋಮು ಎಡಗಡೆಯ ಗೆರೆಯ ಅಂಚಿನಲ್ಲೇ ಓಡಿ, ಎದುರಾಳಿಯ ತುದಿಯಲ್ಲಿ ಚೆಂಡನ್ನು ನೆಲಕ್ಕೂರಿ ಐದು ಅಂಕದ ಟ್ರೈ ಗಳಿಸಿದ, 39–35. ಇವರು ಸೋತ ತಂಡದ ಕಡೆಯವರು, ಆದರೂ ಆ ಓಟವನ್ನು ವಿವರಿಸುವಾಗ ಕುರ್ಚಿಯಿಂದ ಏಳುತ್ತಾರೆ, ಅಂಗೈಯನ್ನು ಗೆರೆಯಾಗಿಸಿ ತೋರಿಸುತ್ತಾರೆ, ಲೋಮುವಿನ ಕಾಲು ಎಲ್ಲಿತ್ತು ಎಂಬುದು ಇವರಿಗೆ ಇನ್ನೂ ಗೊತ್ತು. ಪಾಯಸದ ಬಟ್ಟಲು ಆರುತ್ತಾ ಕೂತಿರುತ್ತದೆ. ಅವರ ಹೆಂಡತಿಗೆ ಈ ಕಥೆ ಬಾಯಿಪಾಠವಾಗಿದೆ, ನಡುವೆ ಅವರು ತಪ್ಪಿದರೆ ತಿದ್ದುತ್ತಾರೆ.

ಆ ಹಿರಿಯರ ಪ್ರಕಾರ ಅಂದಿನ ರಗ್ಬಿ ಈ ಊರಿನಲ್ಲಿ ಹೊಸಬರಿಗೂ ತೆರೆದ ಆಟವಾಗಿತ್ತು. 1999ರ ವಿಶ್ವಕಪ್, 2001ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದ ವಿರುದ್ಧ ಸರಣಿ, 2001 ಮತ್ತು 2004ರಲ್ಲಿ ಕ್ಯಾನ್‌ಬೆರಾದ ಬ್ರಂಬೀಸ್‌ಗೆ ಸೂಪರ್ 12 ಪಟ್ಟ, 2003ರಲ್ಲಿ ಸಿಡ್ನಿಯಲ್ಲೇ ವಿಶ್ವಕಪ್ ಫೈನಲ್. ಆ ಫೈನಲ್‌ನಲ್ಲಿ ಇಂಗ್ಲೆಂಡ್ ಹೆಚ್ಚುವರಿ ಸಮಯದಲ್ಲಿ 20–17ರಿಂದ ಗೆದ್ದಿತು. ಅಲ್ಲಿಂದ ಇಳಿಜಾರು. ಬ್ಲೆಡಿಸ್ಲೊ ಕಪ್ಪನ್ನು 2003ರಲ್ಲಿ ಎತ್ತಿಕೊಂಡು ಹೋದ ನ್ಯೂಜಿಲೆಂಡ್ ಮತ್ತೆ ಬಿಟ್ಟುಕೊಟ್ಟಿಲ್ಲ. 2016ರಿಂದ 2018ರವರೆಗೆ ಸೂಪರ್ ರಗ್ಬಿಯಲ್ಲಿ ಆಸ್ಟ್ರೇಲಿಯಾದ ತಂಡಗಳು ನ್ಯೂಜಿಲೆಂಡಿನ ತಂಡಗಳ ಎದುರು ಸತತ ನಲವತ್ತು ಪಂದ್ಯ ಸೋತವು. 2023ರ ವಿಶ್ವಕಪ್‌ನಲ್ಲಿ ಫಿಜಿಗೆ ಸೋತು, ವೇಲ್ಸ್ ಎದುರು 40–6ರಿಂದ ನೆಲಕಚ್ಚಿ, ವಾಲಬೀಸ್ ಮೊದಲ ಬಾರಿಗೆ ಗುಂಪಿನ ಹಂತದಲ್ಲೇ ಮನೆಗೆ ಬಂದರು.

ಸೋಲು ಜನರನ್ನು ದೂರ ಮಾಡಿತು ಎಂಬ ಸುಲಭ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಸೋಲುವ ತಂಡಗಳನ್ನು ಪ್ರೀತಿಸುವುದು ಹೇಗೆಂದು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದಿನೇಳು ಋತು ಕಪ್ಪಿಲ್ಲದೆ ಕಾದು, ಹದಿನೆಂಟನೆಯದರಲ್ಲಿ ಕಂಡವರು ನಾವು. ಆದರೆ ಆ ಹದಿನೇಳು ಋತುಗಳಲ್ಲಿ ತಂಡ ಅಲ್ಲೇ ಇತ್ತು, ಕೆಲವು ವರ್ಷ ಬಿಟ್ಟರೆ ಅದೇ ಮೈದಾನದಲ್ಲಿ, ಅದೇ ತಿಂಗಳುಗಳಲ್ಲಿ. ಮುಂದಿನ ವರ್ಷ ಎನ್ನುವ ಮಾತಿಗೆ ಅರ್ಥವಿತ್ತು.

ಖಾಲಿ ತಿಂಗಳುಗಳು

ವೃತ್ತಿಪರ ರಗ್ಬಿಯ ವರ್ಷ ಇಲ್ಲಿ ಹೇಗೆ ಸಾಗುತ್ತದೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸೂಪರ್ ರಗ್ಬಿ ಫೆಬ್ರವರಿಯಲ್ಲಿ, ಬಿಸಿಲಿನಲ್ಲಿ, ಜನ ಇನ್ನೂ ಕಡಲತೀರದಲ್ಲಿರುವಾಗ ಶುರುವಾಗುತ್ತದೆ. ಒಂದು ತಂಡಕ್ಕೆ ಲೀಗ್ ಹಂತದಲ್ಲಿ ಹದಿನಾಲ್ಕು ಪಂದ್ಯ, ಅದರಲ್ಲಿ ತವರಿನಲ್ಲಿ ಏಳು. ಜೂನ್ ಕೊನೆಗೆ ಎಲ್ಲ ಮುಗಿಯಿತು. ಆಮೇಲೆ ರಾಷ್ಟ್ರೀಯ ತಂಡದ ಪಂದ್ಯಗಳು. ಆದರೆ ಜುಲೈಯಿಂದ ಅಕ್ಟೋಬರ್‌ವರೆಗೆ, ಚಳಿಗಾಲದ ಆಟಗಳ ಕಾವೇರುವ ಹೊತ್ತಿಗೆ, ರಗ್ಬಿ ಲೀಗ್ (ಹದಿಮೂರು ಜನರ, ಬೇರೆ ನಿಯಮಗಳ ರಗ್ಬಿ) ಮತ್ತು ಆಸ್ಟ್ರೇಲಿಯನ್ ರೂಲ್ಸ್ ತಮ್ಮ ಅಂತಿಮ ಸುತ್ತುಗಳ ಗದ್ದಲದಲ್ಲಿ ಇಡೀ ದೇಶವನ್ನು ಹಿಡಿದಿಟ್ಟಿರುವಾಗ, ರಗ್ಬಿ ಯೂನಿಯನ್‌ನ ವೃತ್ತಿಪರ ತಂಡಗಳು ರಜೆಯಲ್ಲಿರುತ್ತವೆ ಎಂದರೂ ತಪ್ಪಿಲ್ಲ. ಆಟಗಾರನಿಗೆ ವರ್ಷಪೂರ್ತಿ ಸಂಬಳ, ತಂಡಕ್ಕೆ ವರ್ಷಪೂರ್ತಿ ಖರ್ಚು, ಗೇಟಿನ ಆದಾಯ ಏಳು ಸಂಜೆಗಳದ್ದು. ಎದುರಾಳಿಯಾದ ರಗ್ಬಿ ಲೀಗ್‌ನಲ್ಲಿ ಪ್ರತಿ ತಂಡ ಇಪ್ಪತ್ತನಾಲ್ಕು ಪಂದ್ಯ ಆಡುತ್ತದೆ.

ಈ ಹಳ್ಳವನ್ನು ತುಂಬಲು ನ್ಯೂಜಿಲೆಂಡಿಗೆ ತನ್ನ ಪ್ರಾಂತ್ಯಗಳ ಹಳೆಯ ಟೂರ್ನಿಯಿದೆ, ದಕ್ಷಿಣ ಆಫ್ರಿಕಾಕ್ಕೆ ಕರಿ ಕಪ್ ಇದೆ. ಆಸ್ಟ್ರೇಲಿಯಾ ಎರಡು ಸಲ ಪ್ರಯತ್ನಿಸಿತು. 2007ರಲ್ಲಿ ಆಸ್ಟ್ರೇಲಿಯನ್ ರಗ್ಬಿ ಚಾಂಪಿಯನ್‌ಶಿಪ್ ಎಂಬ ಎಂಟು ತಂಡಗಳ ಟೂರ್ನಿ ಮಾಡಿ, ಒಂದೇ ಋತುವಿನಲ್ಲಿ ಸುಮಾರು 47 ಲಕ್ಷ ಡಾಲರ್ ನಷ್ಟ ಮಾಡಿಕೊಂಡು, ವರ್ಷ ಮುಗಿಯುವ ಮೊದಲೇ ಕೈಬಿಟ್ಟರು. 2014ರಲ್ಲಿ ನ್ಯಾಷನಲ್ ರಗ್ಬಿ ಚಾಂಪಿಯನ್‌ಶಿಪ್ ಬಂತು, 2019ರವರೆಗೆ ಉಸಿರಾಡಿತು. ಎರಡರ ರೋಗವೂ ಒಂದೇ. ಗ್ರೇಟರ್ ಸಿಡ್ನಿ ರ‍್ಯಾಮ್ಸ್, ಸಿಡ್ನಿ ಸ್ಟಾರ್ಸ್, ನಾರ್ತ್ ಹಾರ್ಬರ್ ರೇಸ್ ಎಂದು ನಿನ್ನೆ ಹುಟ್ಟಿದ ಹೆಸರುಗಳನ್ನು ಹಿಡಿದು ಬಂದ ತಂಡಗಳಿಗೆ ಶತಮಾನ ದಾಟಿದ ಕ್ಲಬ್ಬುಗಳಿದ್ದ ಊರಿನಲ್ಲಿ ಅಭಿಮಾನಿಗಳು ಬೇಕಾಗಿದ್ದರು. ಕ್ಲಬ್ಬಿನವರು ಇದನ್ನು ತಮ್ಮ ಹುಡುಗರನ್ನು ಕಸಿದುಕೊಳ್ಳುವ ಯೋಜನೆಯೆಂದು ನೋಡಿದರು. ವಿಚಿತ್ರವೆಂದರೆ ಆ ಟೂರ್ನಿಯಲ್ಲಿ ಜೀವಂತವಾಗಿ ಕಂಡದ್ದು ಹೊರಗಿನಿಂದ ಬಂದ ತಂಡ. 2017ರಲ್ಲಿ ಸೇರಿದ ಫಿಜಿಯನ್ ಡ್ರುವಾ ಮರುವರ್ಷವೇ ಗೆದ್ದಿತು, ಈಗ ಸೂಪರ್ ರಗ್ಬಿಯಲ್ಲೇ ಆಡುತ್ತಿದೆ.

ಪರ್ತ್‌ನ ವೆಸ್ಟರ್ನ್ ಫೋರ್ಸ್ ಕಥೆಯೂ ಇಲ್ಲೇ ಬರಬೇಕು. 2006ರಲ್ಲಿ ಸೇರಿಸಿದ ತಂಡವನ್ನು 2017ರ ಆಗಸ್ಟ್‌ನಲ್ಲಿ ತೆಗೆದುಹಾಕಿದರು. ಐದು ತಂಡಗಳಿಗೆ ಬೇಕಾದಷ್ಟು ಆಟಗಾರರೂ ಇಲ್ಲ, ದುಡ್ಡೂ ಇಲ್ಲ ಎನ್ನುವುದು ಕಾರಣ. ಗಣಿ ಉದ್ಯಮಿ ಆಂಡ್ರ್ಯೂ ಫಾರೆಸ್ಟ್ ತಮ್ಮ ಹಣ ಸುರಿದು ರ‍್ಯಾಪಿಡ್ ರಗ್ಬಿ ಎಂಬ ಬೇರೆಯದೇ ಟೂರ್ನಿ ಕಟ್ಟಿ ಆ ತಂಡವನ್ನು ಉಳಿಸಿಕೊಂಡರು. ಕೋವಿಡ್‌ನಿಂದ ಆ ಟೂರ್ನಿ ನಿಂತುಹೋಯಿತು. ಅದೇ ಕೋವಿಡ್ ಗಡಿಗಳನ್ನು ಮುಚ್ಚಿದ್ದರಿಂದ ದೇಶದೊಳಗೇ ಆಡುವ ತಂಡಗಳು ಬೇಕಾಗಿ ಫೋರ್ಸ್‌ಗೆ ಮತ್ತೆ ಕರೆ ಬಂತು. ಅಂದು ಪರ್ತ್‌ಗಾಗಿ ಹೇಳಿದ ಕಾರಣವನ್ನೇ ಏಳು ವರ್ಷದ ನಂತರ ಮೆಲ್ಬರ್ನ್‌ಗೂ ಹೇಳಲಾಯಿತು. ಮೆಲ್ಬರ್ನ್‌ಗೆ ಗಣಿ ಉದ್ಯಮಿ ಸಿಗಲಿಲ್ಲ.

ತಂಡ ಮುಚ್ಚಿ ವರ್ಷ ಕಳೆಯುತ್ತಿದ್ದಂತೆ, 2025ರ ಜುಲೈನಲ್ಲಿ, ಅದೇ ಮೆಲ್ಬರ್ನ್‌ನ ಎಂಸಿಜಿಯಲ್ಲಿ ಲಯನ್ಸ್ ವಿರುದ್ಧದ ಎರಡನೇ ಟೆಸ್ಟ್‌ಗೆ 90,307 ಜನ ಬಂದರು. ಕೆಂಪು ಅಂಗಿಯ ಬ್ರಿಟಿಷ್, ಐರಿಷ್ ಪ್ರವಾಸಿಗಳು ಅದರಲ್ಲಿ ಬಹಳ ಮಂದಿ, ನಿಜ. ಕೊನೆಯ ಕ್ಷಣದಲ್ಲಿ ಟ್ರೈ ಬಿಟ್ಟುಕೊಟ್ಟು ಆಸ್ಟ್ರೇಲಿಯಾ 29–26ರಿಂದ ಸೋತದ್ದನ್ನು ಅವರೆಲ್ಲ ಕಂಡರು. ಆ ಒಂದು ಪ್ರವಾಸದ ಆದಾಯದಿಂದ ರಗ್ಬಿ ಆಸ್ಟ್ರೇಲಿಯಾ 2023ರಲ್ಲಿ ಮಾಡಿಕೊಂಡಿದ್ದ 8 ಕೋಟಿ ಡಾಲರಿನ ಸಾಲದ ವ್ಯವಸ್ಥೆಯಿಂದ ಹೊರಬಂತು. ಇಡೀ ಸಂಸಾರ ನಡೆಯುವುದೇ ಹೀಗೆ: ರಾಷ್ಟ್ರೀಯ ತಂಡ ದುಡಿಯುತ್ತದೆ, ರಾಜ್ಯಗಳ ತಂಡಗಳು ಖರ್ಚು ಮಾಡುತ್ತವೆ. ವಾಲಬೀಸ್ ಆಡುವ ದೊಡ್ಡ ಸಂಜೆಗಳಿಗೆ ಆಟಗಾರರನ್ನು ತಯಾರಿಸುವ ಕಾರ್ಖಾನೆಗಳಾಗಿ ಸೂಪರ್ ರಗ್ಬಿ ತಂಡಗಳನ್ನು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಕಾರ್ಖಾನೆಗೆ ಯಾರು ಅಭಿಮಾನಿಯಾಗುತ್ತಾರೆ?

ಕೂಜಿಯ ಶನಿವಾರ

ರಗ್ಬಿಗೆ ಇಲ್ಲಿ ಜನವೇ ಇಲ್ಲ ಎನ್ನುವವರನ್ನು ಜೂನ್ ಅಥವಾ ಜುಲೈನ ಶನಿವಾರ ಕೂಜಿ ಓವಲ್‌ಗೆ ಕಳುಹಿಸಬೇಕು. ಕಡಲತೀರಕ್ಕೆ ಅಂಟಿಕೊಂಡಂತಿರುವ ಮೈದಾನ, ಒಂದು ಬದಿಯಲ್ಲಿ ಹಳೆಯ ಸ್ಟ್ಯಾಂಡ್, ಉಳಿದ ಕಡೆ ಹುಲ್ಲು. ರ‍್ಯಾಂಡ್‌ವಿಕ್ ಕ್ಲಬ್ಬಿನ ತವರು. ಬೆಳಿಗ್ಗೆಯಿಂದಲೇ ಕೆಳ ದರ್ಜೆಯ ತಂಡಗಳ ಪಂದ್ಯಗಳು ಒಂದಾದ ಮೇಲೊಂದು. ಮಧ್ಯಾಹ್ನ ಮೂರರ ಸುಮಾರಿಗೆ ಮೊದಲ ದರ್ಜೆಯವರು ಇಳಿಯುತ್ತಾರೆ. ಇದು ಶೂಟ್ ಶೀಲ್ಡ್, ಸಿಡ್ನಿಯ ಕ್ಲಬ್ ಟೂರ್ನಿ. ಬೆಳಿಗ್ಗೆ ನಾಲ್ಕನೇ ದರ್ಜೆಯಲ್ಲಿ ಆಡಿದವನು ಸ್ನಾನ ಮಾಡಿ, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ಹಿಡಿದು, ಮಧ್ಯಾಹ್ನ ಗೆರೆಯ ಪಕ್ಕದಲ್ಲಿ ನಿಂತು ರೆಫ್ರಿಗೆ ಬಯ್ಯುತ್ತಿರುತ್ತಾನೆ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಹಸಿರು ಅಂಗಿಯ ಹುಡುಗನೊಬ್ಬನನ್ನು ತೋರಿಸಿ, ಅವನ ಅಜ್ಜನೂ ಅದೇ ಜಾಗದಲ್ಲಿ ಆಡುತ್ತಿದ್ದ, ಅವನಿಗೂ ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ ಎಂದಳು. ವಿರಾಮದಲ್ಲಿ ಮಕ್ಕಳು ಮೈದಾನಕ್ಕೆ ನುಗ್ಗಿದರು, ಹತ್ತಾರು ಚೆಂಡುಗಳು ಗಾಳಿಯಲ್ಲಿ. ಅವರನ್ನು ಹೊರಗೆ ಕಳಿಸಲು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೇಳಿಕೊಳ್ಳಬೇಕಾಯಿತು.

ಇದೇ ಮೈದಾನದಲ್ಲಿ 1988ರಲ್ಲಿ ಈ ಕ್ಲಬ್ಬು ಆಗಿನ ವಿಶ್ವ ಚಾಂಪಿಯನ್ ಆಲ್ ಬ್ಲ್ಯಾಕ್ಸ್ ಎದುರು ಆಡಿ 25–9ರಿಂದ ಸೋತಿತ್ತು. ಒಂದು ಬಡಾವಣೆಯ ಕ್ಲಬ್ಬು ಜಗತ್ತಿನ ಅತ್ಯುತ್ತಮ ತಂಡದೆದುರು ಇಳಿಯುವುದು ಇಂದು ಊಹೆಗೂ ನಿಲುಕದ ಮಾತು. ವಾಲಬೀಸ್‌ಗೆ ಆಡಿದ ‘ಎಲ್ಲಾ’ (Ella) ಮನೆತನದ ಸಹೋದರರಾದ ಮಾರ್ಕ್, ಗ್ಲೆನ್ ಮತ್ತು ಗ್ಯಾರಿ ಇಲ್ಲಿಯವರು, ಮಾಟ್ರವಿಲ್‌ನ ಸರಕಾರಿ ಶಾಲೆಯಲ್ಲಿ ಓದಿದ ಮೂಲನಿವಾಸಿ ಹುಡುಗರು. ಅದೇ ಶಾಲೆಯಲ್ಲಿ ಅವರ ಜೊತೆ ಆಡಿದವರು ಮುಂದೆ ಕೋಚ್ ಆದ ಎಡ್ಡಿ ಜೋನ್ಸ್.

ಕೂಜಿಯಿಂದ ಐದಾರು ಕಿಲೋಮೀಟರ್ ದೂರದ ಮೂರ್ ಪಾರ್ಕ್‌ನಲ್ಲಿ 2022ರಲ್ಲಿ ತೆರೆದ ಹೊಸ ಕ್ರೀಡಾಂಗಣವಿದೆ. ಅಲ್ಲಿ ಸಿಡ್ನಿಯ ಸೂಪರ್ ರಗ್ಬಿ ತಂಡವಾದ ವಾರಾಟಾಸ್‌ನ ಶುಕ್ರವಾರ ರಾತ್ರಿಯ ಪಂದ್ಯಕ್ಕೂ ಹೋಗಿದ್ದೇನೆ. ನಲವತ್ತು ಸಾವಿರಕ್ಕೂ ಹೆಚ್ಚು ಆಸನಗಳು, ಬಹುಪಾಲು ಖಾಲಿ. ಪ್ರತಿ ವಿರಾಮದಲ್ಲೂ ಕಿವಿಗಡಚಿಕ್ಕುವ ಸಂಗೀತ ಹಾಕುತ್ತಿದ್ದರು. ಆಟ ಮಾತ್ರ ಕೂಜಿಯಲ್ಲಿ ನೋಡಿದ್ದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಇದೇ ತಂಡ 2014ರಲ್ಲಿ ಹೋಂಬುಷ್‌ನಲ್ಲಿ 61,823 ಜನರ ಮುಂದೆ, ಬರ್ನಾರ್ಡ್ ಫೋಲಿ ಕೊನೆಗಳಿಗೆಯಲ್ಲಿ ದೂರದಿಂದ ಒದ್ದ ಪೆನಾಲ್ಟಿಯಿಂದ, ನ್ಯೂಜಿಲೆಂಡಿನ ಕ್ರುಸೇಡರ್ಸ್ ವಿರುದ್ಧ 33–32ರಿಂದ ಪಟ್ಟ ಗೆದ್ದಿತ್ತು. ಅದಾದ ಮೇಲೆ ಗಡಿಯಾಚೆಯ ತಂಡಗಳೂ ಇರುವ ಟೂರ್ನಿಯನ್ನು ಆಸ್ಟ್ರೇಲಿಯಾದ ಯಾವ ತಂಡವೂ ಗೆದ್ದಿಲ್ಲ.

ಹಾಗಾದರೆ ಕ್ಲಬ್ಬುಗಳನ್ನೇ ವೃತ್ತಿಪರಗೊಳಿಸಿ, ಸಿಡ್ನಿ ಮತ್ತು ಬ್ರಿಸ್ಬೇನಿನ ದೊಡ್ಡ ಕ್ಲಬ್ಬುಗಳ ರಾಷ್ಟ್ರೀಯ ಟೂರ್ನಿ ಮಾಡಬೇಕು ಎನ್ನುವವರು ಬಹಳ. ಕೂಜಿಯಿಂದ ಹಿಂತಿರುಗುವ ಬಸ್ಸಿನಲ್ಲಿ ನನಗೂ ಹಾಗೇ ಅನ್ನಿಸಿತ್ತು. ಆದರೆ ಮನೆ ತಲುಪಲು ನಾನು ಬಸ್ಸಿಳಿದು ಪಶ್ಚಿಮದ ರೈಲು ಹತ್ತಬೇಕು. ಪ್ಯಾರಮಾಟ, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ; ಸಿಡ್ನಿಯ ಕನ್ನಡಿಗರಲ್ಲಿ ಬಹಳ ಮಂದಿ ಇರುವುದು ಈ ಸಾಲಿನಲ್ಲೇ, ಸಮೋವ, ಟೋಂಗ, ಫಿಜಿ ಮೂಲದ ಕುಟುಂಬಗಳೂ ಈ ಕಡೆಯೇ ಹೆಚ್ಚು. ಇಲ್ಲಿ ರಗ್ಬಿ ಎಂದರೆ ಲೀಗ್. ನನ್ನ ಮಗಳು ಶಾಲೆಯಿಂದ ಬಂದು ಆಡುವುದು ಆಸ್‌ಟ್ಯಾಗ್, ಅದೂ ಲೀಗ್‌ನಿಂದ ಹುಟ್ಟಿದ ಆಟ. ಆಸ್ಟ್ರೇಲಿಯನ್ ರೂಲ್ಸ್‌ನವರು ಶಾಲೆಗೆ ಬಂದು ಚೆಂಡು ಹಂಚಿ ಹೋಗಿದ್ದಾರೆ. ಯೂನಿಯನ್‌ನವರನ್ನು ನಾವಿನ್ನೂ ಕಂಡಿಲ್ಲ. ಪಶ್ಚಿಮ ಸಿಡ್ನಿಯ ಪೆನ್‌ರಿತ್ ಕ್ಲಬ್ಬನ್ನು 2018ರಲ್ಲಿ ಋತುವಿನ ನಡುವೆಯೇ ಶೂಟ್ ಶೀಲ್ಡ್‌ನಿಂದ ಹೊರಹಾಕಿದರು, ತೀರಾ ದೊಡ್ಡ ಅಂತರದಲ್ಲಿ ಸೋಲುತ್ತಿದೆ ಎಂದು. ಬೇರು ಎಲ್ಲಿ ಬೇಕಾಗಿತ್ತೋ ಅಲ್ಲೇ ಕಿತ್ತರು. ಯೂನಿಯನ್‌ನ ಆಟಗಾರರು ಹೆಚ್ಚಾಗಿ ಬರುವುದು ಸೇಂಟ್ ಜೋಸೆಫ್ಸ್, ಕಿಂಗ್ಸ್, ಬ್ರಿಸ್ಬೇನಿನ ನಜಿಯಂಥ ಖಾಸಗಿ ಶಾಲೆಗಳಿಂದ. ಕ್ಲಬ್ಬುಗಳೇ ರಾಷ್ಟ್ರೀಯ ಟೂರ್ನಿಯಾದರೆ ಅದು ಎರಡು ನಗರಗಳ ಆರೇಳು ಶ್ರೀಮಂತ ಬಡಾವಣೆಗಳ ಟೂರ್ನಿಯಾಗುತ್ತದೆ. ‘ಎಲ್ಲಾ’ ಮನೆತನದ ಸಹೋದರರ ಕಥೆಯನ್ನು ಇಷ್ಟು ಹೆಮ್ಮೆಯಿಂದ ಹೇಳುವ ಕ್ಲಬ್ಬು ರಗ್ಬಿಯವರು, ಅಂಥ ಇನ್ನೊಂದು ಸರಕಾರಿ ಶಾಲೆಯ ಹೆಸರನ್ನು ಥಟ್ಟನೆ ಹೇಳಲಾರರು.

ಹೊಸದನ್ನು ಮಾಡದಿರುವುದು

ನನ್ನ ಅಭಿಪ್ರಾಯ ಯಾರಿಗೂ ರೋಮಾಂಚನ ಹುಟ್ಟಿಸುವಂಥದ್ದಲ್ಲ. ಬ್ರಂಬೀಸ್, ಬ್ರಿಸ್ಬೇನಿನ ರೆಡ್ಸ್, ವಾರಾಟಾಸ್, ಫೋರ್ಸ್, ಈ ನಾಲ್ಕನ್ನು ಹೀಗೇ ಇಡಬೇಕು. ನ್ಯೂಜಿಲೆಂಡ್ ಮತ್ತು ದ್ವೀಪಗಳ ಜೊತೆಗಿನ ಟೂರ್ನಿಯನ್ನು ಹೀಗೇ ಇಡಬೇಕು. ಹೆಸರನ್ನೂ ಮುಟ್ಟಬಾರದು. ಹತ್ತು ವರ್ಷ. ಸೋತರೂ, ಆಸನಗಳು ಖಾಲಿ ಇದ್ದರೂ, ಯಾರೋ ಸಲಹೆಗಾರರು ಬಣ್ಣದ ನಕಾಶೆ ಹಿಡಿದು ಬಂದರೂ. ನಿಯಮಗಳನ್ನು ತಿರುಚುವ ಚಪಲವನ್ನೂ ಸ್ವಲ್ಪ ಹತೋಟಿಯಲ್ಲಿಟ್ಟರೆ ಒಳ್ಳೆಯದು. 2025ರ ಅಂತಿಮ ಸುತ್ತಿನಲ್ಲಿ ಸೋತವರಲ್ಲಿ ಮೇಲಿನ ಸ್ಥಾನದವರು ಉಳಿದುಕೊಳ್ಳುತ್ತಾರೆ ಎಂಬ ಏರ್ಪಾಡು ತಂದರು. ನ್ಯೂಜಿಲೆಂಡಿನ ಚೀಫ್ಸ್ ತಂಡ ಅಲ್ಲಿಯದೇ ಬ್ಲೂಸ್ ಎದುರು ಒಂದು ಅಂಕದಿಂದ ಸೋತಿತು, ಸೋತರೂ ಸೆಮಿಫೈನಲ್‌ಗೆ ಬಂತು, ಅಲ್ಲಿ ಬ್ರಂಬೀಸ್ ತಂಡವನ್ನು ಮನೆಗೆ ಕಳಿಸಿ ಫೈನಲ್ ಆಡಿತು. ನಾಕೌಟ್ ಎಂದು ಕರೆದು ಹೀಗೆ ಮಾಡಿದರೆ ಕ್ಯಾನ್‌ಬೆರಾದವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಸುಮ್ಮನಿರಿ ಎನ್ನುವ ಸಲಹೆ ಕಷ್ಟವಾಗುವುದು ಏಕೆಂದರೆ ಸುಮ್ಮನಿರದಂತೆ ಮಾಡುವ ದುಡ್ಡು ಈಗ ಬರುತ್ತಿದೆ. ಲಯನ್ಸ್ ಪ್ರವಾಸ ಮುಗಿಯಿತು. 2027ರ ಅಕ್ಟೋಬರ್ 1ರಂದು ಪರ್ತ್‌ನಲ್ಲಿ ಪುರುಷರ ವಿಶ್ವಕಪ್ ಶುರುವಾಗುತ್ತದೆ, ಇಪ್ಪತ್ತನಾಲ್ಕು ತಂಡಗಳು, ನವೆಂಬರ್ 13ರಂದು ಸಿಡ್ನಿಯಲ್ಲಿ ಫೈನಲ್. 2029ರಲ್ಲಿ ಮಹಿಳೆಯರ ವಿಶ್ವಕಪ್ಪೂ ಇಲ್ಲೇ. 2003ರ ವಿಶ್ವಕಪ್ಪಿನ ನಂತರವೂ ಖಜಾನೆ ತುಂಬಿತ್ತು. ಆ ದಶಕದಲ್ಲೇ ಹೊಸ ತಂಡ, ಹೊಸ ಟೂರ್ನಿ ಎಂದು ಹೊರಟು ಅದು ಕರಗಿತು. ಈ ಬಾರಿ ಮೆಲ್ಬರ್ನ್‌ಗೆ ಮತ್ತೆ ತಂಡ ಕೊಡೋಣ, ಜಪಾನಿನವರನ್ನು ಮತ್ತೆ ಕರೆಯೋಣ ಎಂಬ ಮಾತುಗಳು 2028ರ ಹೊತ್ತಿಗೆ ಏಳದಿದ್ದರೆ ನನಗೆ ಆಶ್ಚರ್ಯವಾಗುತ್ತದೆ. ಆ ಹಣದಲ್ಲಿ ದೊಡ್ಡ ಪಾಲು ಪಶ್ಚಿಮ ಸಿಡ್ನಿಯ, ಬ್ರಿಸ್ಬೇನಿನ ಲೋಗನ್‌ನ ಸರಕಾರಿ ಶಾಲೆಗಳಿಗೆ ಹೋಗಬೇಕು: ಚೆಂಡು, ತರಬೇತುದಾರ, ಶನಿವಾರಕ್ಕೊಂದು ಬಸ್ಸು. ಸುದ್ದಿಗೋಷ್ಠಿ ಕರೆದು ಹೇಳಿಕೊಳ್ಳುವಂಥದ್ದು ಇದರಲ್ಲೇನೂ ಇಲ್ಲ.

ದುಡ್ಡನ್ನು ಸುದ್ದಿಯಾಗುವಂತೆ ಖರ್ಚು ಮಾಡುವ ಆಸೆಗೆ ಜೋಸೆಫ್ ಸುಆಲಿಯೇ ಉದಾಹರಣೆ. ಸಿಡ್ನಿ ರೂಸ್ಟರ್ಸ್ ಎಂಬ ಲೀಗ್ ತಂಡದಿಂದ ಅವನನ್ನು ದೊಡ್ಡ ಮೊತ್ತಕ್ಕೆ ಎಳೆದು ತಂದರು. ಅವನ ಮೊದಲ ಟೆಸ್ಟ್, 2024ರ ನವೆಂಬರ್‌ನಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ, ಆಸ್ಟ್ರೇಲಿಯಾ ಇಂಗ್ಲೆಂಡನ್ನು 42–37ರಿಂದ ಸೋಲಿಸಿದ ಪಂದ್ಯ. ಬೆಳಗಿನ ಜಾವ ಎದ್ದು ನೋಡಿದೆ. ಚೆಂಡಿಗಾಗಿ ಅವನು ಗಾಳಿಗೆ ನೆಗೆದ ರೀತಿಗೆ ಕೊಟ್ಟ ದುಡ್ಡು ವಸೂಲಾಯಿತು ಎನ್ನಿಸಿತು. ಆದರೆ ಒಬ್ಬನನ್ನು ಲೀಗ್‌ನಿಂದ ತರುವ ಸಂಭ್ರಮದ ಹಿಂದೆ ಆ ಕಡೆಗೆ ಹೋದವರ ಉದ್ದದ ಸಾಲಿದೆ; ಫ್ರಾನ್ಸಿಗೆ, ಜಪಾನಿಗೆ ಹೋದವರ ಸಾಲು ಬೇರೆ. ಅವರನ್ನು ತಡೆಯುವಷ್ಟು ಸಂಬಳ ಆಸ್ಟ್ರೇಲಿಯಾ ಎಂದೂ ಕೊಡಲಾರದು. ನೈನ್ ಎಂಬ ಟಿವಿ ಸಂಸ್ಥೆಯ ಜೊತೆ 2030ರವರೆಗೆ ಆದ ಪ್ರಸಾರ ಒಪ್ಪಂದದ ಮೌಲ್ಯ ಐದು ವರ್ಷಕ್ಕೆ ಗರಿಷ್ಠ 24 ಕೋಟಿ ಡಾಲರ್ ಎಂದು ವರದಿಯಾಗಿದೆ. ಆಸ್ಟ್ರೇಲಿಯನ್ ರೂಲ್ಸ್‌ನವರಿಗೆ ಏಳು ವರ್ಷಕ್ಕೆ 450 ಕೋಟಿ. ಈ ಅಂತರವನ್ನು ಯಾವ ಹೊಸ ಮಾದರಿಯ ಟೂರ್ನಿಯೂ ತುಂಬುವುದಿಲ್ಲ.

ಹೊಸದು ಎಷ್ಟು ಬೇಗ ಮಾರಾಟವಾಗುತ್ತದೆ ಎನ್ನುವುದಕ್ಕೆ ಆರ್360 ಸಾಕ್ಷಿ. ಹಳೆಯ ಇಂಗ್ಲೆಂಡ್ ಆಟಗಾರ ಮೈಕ್ ಟಿಂಡಲ್ ಮುಂದಾಳುತನದ ಈ ಯೋಜನೆ ದೇಶದಿಂದ ದೇಶಕ್ಕೆ ಹಾರುವ ಫ್ರಾಂಚೈಸಿ ತಂಡಗಳ ಕನಸು ಕಟ್ಟಿತ್ತು. 2025ರಲ್ಲಿ ಎಂಟು ದೇಶಗಳ ರಗ್ಬಿ ಸಂಸ್ಥೆಗಳು, ಆಸ್ಟ್ರೇಲಿಯಾ ಸೇರಿ, ಅಲ್ಲಿಗೆ ಹೋದವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿಲ್ಲ ಎಂದವು. ಶುರು ಮಾಡುವುದನ್ನು 2028ಕ್ಕೆ ಮುಂದೂಡಿದರು. ಭಾರತದಲ್ಲೂ 2025ರಲ್ಲೇ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು, ಏಳು ಜನರ ರಗ್ಬಿಯ ಆರು ತಂಡಗಳು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ಹೆಸರು ನೋಡಿ ಖುಷಿಪಟ್ಟು ವೇಳಾಪಟ್ಟಿ ತೆಗೆದರೆ ಎಲ್ಲ ಪಂದ್ಯಗಳೂ ಮುಂಬೈಯಲ್ಲಿ. ಮೊದಲ ವರ್ಷದ ಟೂರ್ನಿಯಲ್ಲಿ ಅದನ್ನು ದೂರುವುದು ಅತಿಯಾಯಿತು, ಎಲ್ಲೋ ಒಂದು ಕಡೆ ಶುರುವಾಗಲೇಬೇಕು. ಮೂವತ್ತು ವರ್ಷದ ಟೂರ್ನಿ ಆ ರಿಯಾಯಿತಿಯನ್ನು ಕೇಳುವಂತಿಲ್ಲ.

ನನ್ನ ವಾದದಲ್ಲಿ ಒಂದು ದೊಡ್ಡ ತೂತಿದೆ, ಅದನ್ನು ಆ ಉಡುಪಿಯ ಹಿರಿಯರೇ ತೋರಿಸಿದರು. "ನೀನು ಬದಲಾಯಿಸಬೇಡಿ ಎನ್ನುತ್ತೀಯ, ಸರಿ. ನ್ಯೂಜಿಲೆಂಡಿನವರು ಕೇಳಬೇಕಲ್ಲ?" ಎಂದರು. 2020ರಲ್ಲಿ ದಕ್ಷಿಣ ಆಫ್ರಿಕಾದ ತಂಡಗಳು ಯುರೋಪಿನ ಕಡೆ ಹೋದಾಗ ಆಸ್ಟ್ರೇಲಿಯಾದ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕ್ರುಸೇಡರ್ಸ್‌ನಂಥ ತಂಡಗಳಿಗೆ ವರ್ಷವರ್ಷವೂ ದುರ್ಬಲ ಎದುರಾಳಿಗಳ ಜೊತೆ ಆಡುವುದು ಬೇಸರವಾದರೆ ಅವರೂ ಜಪಾನಿನ ಕಡೆ ನೋಡಬಹುದು. ಆಗ ಉಳಿಯುವುದು ನಾಲ್ಕು ತಂಡಗಳು ತಮ್ಮತಮ್ಮೊಳಗೇ ಆಡುವ ಟೂರ್ನಿ. ಕೋವಿಡ್ ಕಾಲದ ಸೂಪರ್ ರಗ್ಬಿ ಎಯುನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ. 2021ರ ಅದರ ಫೈನಲ್‌ನಲ್ಲಿ ಬ್ರಿಸ್ಬೇನಿನಲ್ಲಿ ರೆಡ್ಸ್ 19–16ರಿಂದ ಬ್ರಂಬೀಸ್ ವಿರುದ್ಧ ಗೆದ್ದಾಗ ಕ್ರೀಡಾಂಗಣ ತುಂಬಿದಂತಿತ್ತು. ಗೆದ್ದವರು ಆಸ್ಟ್ರೇಲಿಯನ್ನರು, ಸೋತವರೂ ಆಸ್ಟ್ರೇಲಿಯನ್ನರು, ಬಹುಶಃ ಅದಕ್ಕೇ. ಮರುವಾರವೇ ಟ್ರಾನ್ಸ್-ಟ್ಯಾಸ್ಮನ್ ಶುರುವಾಗಿ ನ್ಯೂಜಿಲೆಂಡಿನವರು ಇವರನ್ನು ಸಾಲಾಗಿ ಸೋಲಿಸಿದರು. ಇಪ್ಪತ್ತೈದು ಪಂದ್ಯಗಳಲ್ಲಿ ಆಸ್ಟ್ರೇಲಿಯಾದವರು ಗೆದ್ದದ್ದು ಎರಡೇ.

ಆದ್ದರಿಂದ ಮುಂದಿನ ಪ್ರಸಾರ ಒಪ್ಪಂದದ ಮಾತುಕತೆ ಶುರುವಾಗುವ ಹೊತ್ತಿಗೆ, ಎಂದರೆ 2029ರ ಸುಮಾರಿಗೆ, ನಾಲ್ಕು ತಂಡಗಳಲ್ಲಿ ಎರಡಾದರೂ ಆಕ್ಲೆಂಡ್‌ಗೆ, ಕ್ರೈಸ್ಟ್‌ಚರ್ಚ್‌ಗೆ ಹೋಗಿ ಗೆದ್ದು ಬರುವ ಸ್ಥಿತಿಯಲ್ಲಿರಬೇಕು. ಅಷ್ಟಾದರೆ ನ್ಯೂಜಿಲೆಂಡಿನವರು ಎದ್ದು ಹೋಗುವುದಿಲ್ಲ. ಅವರ ದೂರದರ್ಶನಕ್ಕೂ ಸಿಡ್ನಿಯ ಮಾರುಕಟ್ಟೆ ಬೇಕು. ಆಗದಿದ್ದರೆ ಹೊಸ ಹೆಸರಿನ ಹೊಸ ಟೂರ್ನಿಯೊಂದರ ಘೋಷಣೆಯನ್ನು ನಾವು ಮತ್ತೆ ಓದುತ್ತೇವೆ. ನಾನು ಈ ವರ್ಷ ವಾರಾಟಾಸ್‌ನ ಸದಸ್ಯತ್ವ ತೆಗೆದುಕೊಂಡಿದ್ದೇನೆ, ಮಗಳಿಗೂ ಸೇರಿಸಿ. ಏಳು ಪಂದ್ಯಗಳಲ್ಲಿ ಎಷ್ಟಕ್ಕೆ ಬರುತ್ತೀಯ ಎಂದರೆ ಆಸ್‌ಟ್ಯಾಗ್ ಇಲ್ಲದ ಶುಕ್ರವಾರಗಳಿಗೆ ಮಾತ್ರ ಎಂದು ಅವಳು ಷರತ್ತು ಹಾಕಿದ್ದಾಳೆ.